ಕೈಗುಣ

ಮಕ್ಕಳ ವಾರ್ಡಿನಲ್ಲಿ ಒಂದು ಹಸುಗೂಸು ಕೈಯಲ್ಲೇ ತಣ್ಣಗಾದ ಮೇಲೆ ದಾದಿಗೆ ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಹಾಸಿಗೆ ಬದಲಿಸುವುದು, ಗಾಯ ತೊಳೆಯುವುದು, ಭಾರದ ರೋಗಿಗಳನ್ನು ಮಗ್ಗುಲಿಗೆ ಹೊರಳಿಸುವುದು, ಎಲ್ಲವೂ ಆಗುತ್ತಿತ್ತು. ಸೂಜಿ ಕಂಡರೆ ಮಾತ್ರ ಬೆರಳು ಗಡಗಡ ನಡುಗುತ್ತಿದ್ದವು. ಹೇಗೋ ಹೆಂಗಸರ ವಾರ್ಡಿಗೆ ಬದಲಾಯಿಸಿಕೊಂಡು ಬಂದಳು. ವಿಷಯ ಗೊತ್ತಿದ್ದುದು ಗಿಣಿಯೊಬ್ಬಳಿಗೇ. ಎಡೆಬಿಡದೆ ಮಾತಾಡುವ ಆ ಜೊತೆಗಾತಿಗೆ ವಾರ್ಡಿನವರೇ ಇಟ್ಟ ಹೆಸರು ಅದು.

“ನಿನ್ನ ಸೂಜಿಗಳೆಲ್ಲ ನನಗಿರಲಿ, ನನ್ನ ದಪ್ಪ ಪೇಶೆಂಟುಗಳೆಲ್ಲ ನಿನಗೆ,” ಎಂದಿದ್ದಳು ಗಿಣಿ. “ನನ್ನ ಸೊಂಟಾನೂ ಉಳಿಯುತ್ತೆ, ನಿನ್ನ ಮಾನಾನೂ ಉಳಿಯುತ್ತೆ ಕಣೇ.”

ಹಾಗೇ ನಡೆಯಿತು. ದಾದಿಯ ರೋಗಿಗಳಿಗೆ ಪರದೆ ಎಳೆದುಕೊಂಡು ಗಿಣಿ ಡ್ರಿಪ್ ಹಾಕುತ್ತಿದ್ದಳು. ಇನ್ನು ಸ್ವಲ್ಪ ದಿನ, ಆಮೇಲೆ ತಾನಾಗಿ ಸರಿಹೋಗುತ್ತದೆ ಎಂದು ಇಬ್ಬರೂ ನಂಬಿದ್ದರು. ಸರಿಹೋಗಲಿಲ್ಲ. ಈಗೀಗ ಮನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುವಾಗಲೂ ದಾದಿ ಬೆವರುತ್ತಿದ್ದಳು. ಗಂಡ ಕೇಳಿದರೆ ಸೆಖೆ ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಹೆಡ್ ಸಿಸ್ಟರ್ ಕರೆದರು. “ನಾಳೆಯಿಂದ ವಾಪಸ್ ಮಕ್ಕಳ ವಾರ್ಡಿಗೆ ಹೋಗಮ್ಮ. ನಿನ್ನ ಬೆಡ್ಡಿನವರು ಒಬ್ಬರೂ ಸೂಜಿ ಹಾಕಿದ ಕೈ ಊದಿದೆ ಅಂತ ದೂರು ಹೇಳಿಲ್ಲ. ಇಂಥ ಕೈಗುಣ ಇಲ್ಲಿ ವೇಸ್ಟ್ ಆಗ್ತಿದೆ.”

“ಅಲ್ಲಿ ಬೇಡ ಮೇಡಂ. ನನಗೆ... ಕೈ ನಡುಗುತ್ತೆ.”

“ಯಾರಿಗೆ ನಡುಗಲ್ಲ ಹೇಳು? ನಮ್ಮತ್ತೆ ಮುಖ ನೋಡಿದ್ರೆ ನನಗೂ ನಡುಗುತ್ತೆ!” ಹೆಡ್ ಸಿಸ್ಟರ್ ನಕ್ಕು ಬೆನ್ನು ತಟ್ಟಿದರು.

ಪೂರ್ತಿ ನಿಜ ಹೇಳಿದರೆ ಗಿಣಿಯ ಕೆಲಸಕ್ಕೂ ಕುತ್ತು. ದಾದಿ ತಲೆಯಾಡಿಸಿ ಹೊರಬಂದಳು.

ಮರುದಿನ ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ ಮಗುವಿನ ತೋಳು ಮುಂದೆ ಮಾಡಿ ಹಿಡಿದಳು. “ನೀವು ಹಾಕಿದ್ರೆ ನೋವೇ ಆಗಲ್ವಂತೆ ಸಿಸ್ಟರ್?”

ದಾದಿ ಎಳೆಯ ತೋಳಿಗೆ ಪಟ್ಟಿ ಬಿಗಿದಳು. ನೀಲಿ ನರ ಚೆನ್ನಾಗಿಯೇ ಕಾಣುತ್ತಿತ್ತು. ಸೂಜಿಯ ತುದಿ ಅದರ ಮೇಲೆ ಎಲ್ಲೆಲ್ಲೋ ಅಲೆಯಿತು. ಮಗು ಅಳದೆ ಅವಳ ಮುಖವನ್ನೇ ನೋಡುತ್ತಿತ್ತು. ಅತ್ತಿದ್ದರಾದರೂ ಆಗುತ್ತಿತ್ತು. ಸೂಜಿಯನ್ನು ತಟ್ಟೆಯಲ್ಲಿಟ್ಟು, “ನನ್ನ ಕೈಲಾಗಲ್ಲ,” ಎಂದಳು.

ತಾಯಿ ಮಗುವನ್ನು ಎದೆಗೆ ಎಳೆದುಕೊಂಡಳು. “ಕೈಲಾಗದೋರು ಯಾಕ್ರೀ ಬರ್ತೀರಾ?”

ಗಲಾಟೆಗೆ ಹೆಡ್ ಸಿಸ್ಟರ್ ಬಂದರು. “ಏನಾಯ್ತು? ಈಗ ಯಾರನ್ನ ಕರೀಲಿ?”

“ಗಿಣೀನ ಕರೀರಿ,” ಎಂದುಬಿಟ್ಟಳು ದಾದಿ. ಹೆಡ್ ಸಿಸ್ಟರ್ ಮುಖ ಗಂಟಿಕ್ಕಿದಾಗಲೇ ತಾನು ಏನಂದೆನೆಂದು ಹೊಳೆದದ್ದು.

ಗಿಣಿ ಏದುಸಿರು ಬಿಡುತ್ತಾ ಬಂದಳು. ಒಂದೇ ಸಲಕ್ಕೆ ಸೂಜಿ ಕೂತಿತು.

“ಹೆಂಗಸರ ವಾರ್ಡಲ್ಲೂ ಇವಳ ಪೇಶೆಂಟುಗಳಿಗೆ ಸೂಜಿ ನೀನೇ ಹಾಕ್ತಿದ್ದೆಯಾ?” ಹೆಡ್ ಸಿಸ್ಟರ್ ಕೇಳಿದರು.

ಗಿಣಿಯ ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ಇವಳೊಬ್ಬಳ ಸಂಬಳದಲ್ಲಿ. ಮಾತಿಗೆ ಎಂದೂ ತಡವರಿಸದವಳು ತಟ್ಟೆಯ ಹತ್ತಿಯನ್ನು ಜೋಡಿಸುತ್ತಾ ನಿಂತಳು.

“ಇಲ್ಲ ಮೇಡಂ. ನನಗೇನೂ ಗೊತ್ತಿಲ್ಲ. ಅವಳು ನನ್ನ ಹತ್ರ ಅಷ್ಟಾಗಿ ಮಾತಾಡಲ್ಲ.”

ಹೆಡ್ ಸಿಸ್ಟರ್ ದಾದಿಯತ್ತ ತಿರುಗಿದರು. “ಹೌದೇನಮ್ಮ?”

“ಹೌದು ಮೇಡಂ,” ಎಂದಳು ದಾದಿ. “ನಾನು ಯಾರಿಗೂ ಹೇಳಿಲ್ಲ.”