ಅರಸನ ಬಾಯಿಯ ಹೊಟ್ಟೆನೋವು

ಅಗ್ಯಾರ್ಕೊನ ಹೊಟ್ಟೆ ಕೆಡುತ್ತಿದ್ದುದು ಅರಮನೆಯಲ್ಲಿ ಸಭೆ ಸೇರುವ ದಿನ ಮಾತ್ರ. ಅರಮನೆಯೆಂದರೆ ತಗಡಿನ ಮಾಡು, ನೀಲಿ ಗೋಡೆ, ನಡುವೆ ಒಂದು ದೊಡ್ಡ ಕೊಡೆ, ಕೊಡೆಯ ಕೆಳಗೆ ಊರಿನ ಅರಸ ನಾನಾ ಬ್ರೆಂಪಾಂಗ್. ಅರಸನಾದವನು ಸಭೆಯಲ್ಲಿ ಜನರೊಡನೆ ನೇರವಾಗಿ ಮಾತಾಡುವಂತಿಲ್ಲ. ಚಿನ್ನದ ರೇಕು ಹೊದಿಸಿದ ದಂಡ ಹಿಡಿದು ಪಕ್ಕದಲ್ಲಿ ನಿಂತ ಒಚಾಮೆಯ, ಎಂದರೆ ಅರಸನ ಬಾಯಿಯಾದವನ, ಕಿವಿಯಲ್ಲಿ ಪಿಸುಗುಟ್ಟಬೇಕು. ಒಚಾಮೆ ಅದಕ್ಕೆ ಜೇನು ಬೆರೆಸಿ ಎಲ್ಲರಿಗೂ ಕೇಳುವಂತೆ ಹೇಳಬೇಕು.

ಅಗ್ಯಾರ್ಕೊ ಬಹಳ ವರ್ಷಗಳಿಂದ ಆ ಊರಿನ ಒಚಾಮೆ. "ಹಾಳಾಗಿ ಹೋಗ್ಲಿ ಅವನು" ಎಂದು ನಾನಾ ಗೊಣಗಿದರೆ ಸಭೆಗೆ ಕೇಳಿಸುತ್ತಿದ್ದುದು "ನಿನ್ನ ಮುಂದೆ ಹೊಸ ದಾರಿಗಳು ತೆರೆಯಲಿ ಎಂದು ನಾನಾ ಹರಸುತ್ತಾರೆ" ಎಂದು. ಹೀಗೆ ಹರಸಿಕೊಂಡವರು ಕೈಮುಗಿದು ಊರು ಬಿಟ್ಟದ್ದೂ ಉಂಟು. ಕೆಟ್ಟ ಅರಸ ಎಂಬುವನಿಲ್ಲ, ಇರುವುದು ಕೆಟ್ಟ ಒಚಾಮೆ ಮಾತ್ರ ಎಂಬ ಗಾದೆ ಆ ಸೀಮೆಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಬಾಯಿಪಾಠ. ಗಾದೆ ಕಟ್ಟಿದವನು ಅರಸನೋ ಒಚಾಮೆಯೋ ಎಂದು ಮಾತ್ರ ಯಾರೂ ವಿಚಾರಿಸಿಲ್ಲ.

ಊರಿನಲ್ಲಿ ಎಲ್ಲ ಹೊಟ್ಟೆನೋವಿಗೂ ಒಂದೇ ಹೆಸರು: ಅಲ್ಸರ್. ಮರ್ಯಾದಸ್ಥರ ಕಾಯಿಲೆ. ಶಾಲೆಯ ಹೆಡ್‌ಮಾಸ್ತರರಿಗೆ ಇತ್ತು, ಪಾದ್ರಿಗೆ ಇತ್ತು, ಒಚಾಮೆಗೂ ಬಂದದ್ದರಲ್ಲಿ ಆಶ್ಚರ್ಯವೇನು? ಹೊಟ್ಟೆ ಖಾಲಿ ಬಿಡಬೇಡಿ ಎಂದು ಮದ್ದಿನಂಗಡಿಯವನು ಬಿಳಿ ಔಷಧಿ ಕೊಟ್ಟ. ಪಾದ್ರಿ ಉಪವಾಸ ಹೇಳಿದರು. ಯಾರ ಮನಸ್ಸನ್ನೂ ನೋಯಿಸಿ ಅಭ್ಯಾಸವಿಲ್ಲದ ಅಗ್ಯಾರ್ಕೊ ಎರಡನ್ನೂ ಮಾಡಿದ. ನೋವು ಜಗ್ಗಲಿಲ್ಲ.

ಕೊನೆಗೆ ಜಿಲ್ಲಾ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಸೆರ್ವಾ ಗಂಟಲಿನಿಂದ ನಳಿಗೆ ಇಳಿಸಿ ಒಳಗೆಲ್ಲ ನೋಡಿದಳು.

"ಅಲ್ಸರ್ ಇಲ್ಲ ಅಪ್ಪಾ. ಹೊಟ್ಟೆ ಕನ್ನಡಿ ಹಾಗಿದೆ."

"ಹಾಗಾದ್ರೆ ನೋವು ಸುಳ್ಳಾ?"

"ನೋವು ನಿಜಾನೇ. ಹೊಟ್ಟೆಗೂ ತಲೆಗೂ ನಡುವೆ ನರದ ದಾರಿ ಇದೆ, ಎರಡೂ ಕಡೆಯಿಂದ ಓಡಾಟ. ಮನಸ್ಸಲ್ಲಿ ಅದುಮಿಟ್ಟಿದ್ದು ಅಲ್ಲಿ ಹೋಗಿ ಕಚ್ಚುತ್ತೆ. ಮನಸ್ಸಲ್ಲಿ ಏನಿಟ್ಕೊಂಡಿದ್ದೀರಿ?"

ಅಗ್ಯಾರ್ಕೊ ಹೌಹಾರಿ ಎದ್ದು ಬಾಗಿಲು ಹಾಕಿಬಂದ. "ಮೆಲ್ಲಗೆ ಮಾತಾಡಮ್ಮಾ! ಒಚಾಮೆಗೆ ಸ್ವಂತ ಮನಸ್ಸಿದೆ ಅಂತ ಗೊತ್ತಾದ್ರೆ ಕೈಲಿರೋ ದಂಡ ಕಿತ್ಕೊಳ್ತಾರೆ. ಒಂದು ಅಲ್ಸರ್ ಹೇಳಿಬಿಡು ತಾಯಿ, ಚಿಕ್ಕದಾದ್ರೂ ಸಾಕು."

ಆಕೆ ಹೇಳಲಿಲ್ಲ. ಊರಿಗೆ ಬಂದು ತಾನೇ ಹೇಳಿಕೊಂಡ: ಅಲ್ಸರ್, ಅದೂ ದೊಡ್ಡದು.

ಮನಸ್ಸಿನಲ್ಲಿದ್ದುದು ಏನೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಮುಂದಿನ ಸಭೆಯಲ್ಲಿ ಹಳ್ಳದ ದಂಡೆಯ ನೆಲವನ್ನು ಚಿನ್ನ ತೋಡುವ ಕಂಪನಿಗೆ ಕೊಟ್ಟೆನೆಂದು ನಾನಾ ಸಾರಲಿದ್ದರು. ಆ ನೆಲದಲ್ಲಿ ಅವನ ತಂಗಿ ಬ್ರಾಗೊಳ ಕೋಕೊ ತೋಟವಿತ್ತು. ಸಭೆಯ ಹಿಂದಿನ ದಿನ ಅವಳು ಸಾರಿನ ಪಾತ್ರೆ ಹೊತ್ತುಕೊಂಡೇ ಬಂದಳು.

"ಅಣ್ಣಾ, ನನ್ನ ತೋಟ ನಿನ್ನ ಬಾಯಿಂದಲೇ ಹೋಗ್ಬೇಕಾ?"

"ನಾನು ಬರೀ ಬಾಯಿ ಕಣೆ. ಮಾತು ನಾನಾ ಅವರದ್ದು."

"ಬರೀ ಬಾಯಿ ಅಂತೆ! ತಿನ್ನೋವಾಗ ಮಾತ್ರ ಅದರ ಕೆಳಗೊಂದು ಹೊಟ್ಟೆ ಬರುತ್ತೆ. ಗೊತ್ತಿರ್ಲಿ, ಈ ಸಾರಿನ ಸೊಪ್ಪೂ ಅದೇ ತೋಟದ್ದು."

ಸಭೆಯ ದಿನ ಅಂಗಳ ತುಂಬಿತ್ತು. ಹಳ್ಳದ ದಂಡೆಯ ಹೆಂಗಸರು ಒಂದು ಕಡೆ. ಕಪ್ಪು ಕನ್ನಡಕದ ಕಂಪನಿಯವನು ಇನ್ನೊಂದು ಕಡೆ. ನಾನಾ ಬಾಗಿ ಪಿಸುಗುಟ್ಟಿದರು. "ನೆಲ ಕೊಟ್ಟಾಯ್ತು ಅನ್ನು. ಆ ಮುದಿಗೂಬೆಗಳು ಎಷ್ಟು ಕಿರುಚಿದ್ರೂ ಅಷ್ಟೇ. ಚೆನ್ನಾಗಿ ಸುತ್ತಿ ಹೇಳು."

ಅಗ್ಯಾರ್ಕೊ ದಂಡ ಎತ್ತಿದ. ಭೂಮಿತಾಯಿ, ಪೂರ್ವಿಕರು, ಅಭಿವೃದ್ಧಿಯ ಸೂರ್ಯ, ಎಲ್ಲ ನಾಲಗೆಯ ತುದಿಯಲ್ಲಿದ್ದವು. ಆದರೆ ಹೊಟ್ಟೆಯಲ್ಲಿ ಯಾರೋ ಒನಕೆ ಹಾಕಿ ಫುಫು ಮುದ್ದೆ ಕುಟ್ಟಿದಂತಾಯಿತು. ಉಸಿರು ನಿಂತಿತು. ಜೇನು ಬೆರೆಸಲು ಉಸಿರು ಬೇಕು. ಮಾತನ್ನು ಇದ್ದಂತೆ ಉದುರಿಸಲು ಅಷ್ಟು ಬೇಡ.

"ನಾನಾ ಹೇಳುತ್ತಾರೆ: ನೆಲ ಕೊಟ್ಟಾಯ್ತು. ಆ ಮುದಿಗೂಬೆಗಳು ಎಷ್ಟು ಕಿರುಚಿದ್ರೂ ಅಷ್ಟೇ. ಚೆನ್ನಾಗಿ ಸುತ್ತಿ ಹೇಳು."

ನಾನಾ ಬೆಚ್ಚಿ ಪಿಸುಗುಟ್ಟಿದರು. "ಲೋ ಕತ್ತೆ, ಏನೋ ಬೊಗಳ್ತಿದ್ದೀಯ?"

"'ಲೋ ಕತ್ತೆ, ಏನೋ ಬೊಗಳ್ತಿದ್ದೀಯ' ಎಂದು ನಾನಾ ಕೇಳುತ್ತಾರೆ."

"ಬಾಯ್ಮುಚ್ಚೋ! ಕಂಪನಿಯವನು ನೋಡ್ತಿದ್ದಾನೆ!"

"ಬಾಯಿ ಮುಚ್ಚಬೇಕಂತೆ. ಕಂಪನಿಯವರು ನೋಡುತ್ತಿದ್ದಾರಂತೆ."

ತಾನು ಹಾಗೆ ಹೇಳಲೇ ಇಲ್ಲವೆಂದು ಸಾರಬೇಕಾದರೂ ನಾನಾ ಅದನ್ನು ಒಚಾಮೆಯ ಬಾಯಿಂದಲೇ ಸಾರಿಸಬೇಕು. ಅಷ್ಟರಲ್ಲಿ ಮುದಿಗೂಬೆಗಳಲ್ಲಿ ಒಬ್ಬಾಕೆ ಎದ್ದು ನಿಂತಳು. "ಇಷ್ಟು ವರ್ಷದಲ್ಲಿ ಇವತ್ತೇ ನೋಡಿ ನಾನಾ ಮಾತಾಡಿದ್ದು!" ಆಮೇಲೆ ಯಾರು ಏನೆಂದರೆಂದು ಯಾರಿಗೂ ಕೇಳಿಸಲಿಲ್ಲ. ಕಂಪನಿಯವನು ಕಾರಿನ ಕಡೆಗೆ ನಡೆದ.

ಹಿರಿಯರು ಅಗ್ಯಾರ್ಕೊನನ್ನು ಒಳಗಿನ ಕೋಣೆಗೆ ಕರೆದರು. ಹಿರಿಯ ಡೊಂಕೋರ್ ಅವನ ಬೆನ್ನು ಸವರಿದರು.

"ಪಾಪ, ಅಲ್ಸರ್ ಮಾತಾಡಿದ್ದು ಅಲ್ವಾ? ಹೂಂ ಅನ್ನು, ಸಾಕು. ದಂಡ ನಿನ್ನ ಹತ್ರಾನೇ ಇರುತ್ತೆ. ಮುಂದಿನ ಸಭೇಲಿ ಹೊಟ್ಟೆ ಸರಿ ಮಾಡ್ಕೊಂಡು ಬಂದು ಇದನ್ನೇ ನೆಟ್ಟಗೆ ಸಾರಿದ್ರಾಯ್ತು."

ಹೂಂ ಎಂದರೆ ದಂಡ ಉಳಿಯುತ್ತಿತ್ತು, ತೋಟ ಹೋಗುತ್ತಿತ್ತು. ಅಗ್ಯಾರ್ಕೊ ಹೊಟ್ಟೆ ಹಿಡಿದುಕೊಂಡೇ ಹೇಳಿದ. "ಅಲ್ಸರ್ ಇಲ್ಲ. ಡಾಕ್ಟ್ರು ನೋಡಿದ್ದಾರೆ. ಇದು ಮನಸ್ಸಿಂದ ಬಂದಿದ್ದು. ಹೇಳಿದ್ದೂ ಮನಸ್ಸಿಟ್ಟೇ. ಆ ನೆಲ ಕೊಡಬಾರದು."

ಡೊಂಕೋರ್ ಬೆನ್ನ ಮೇಲಿಂದ ಕೈ ತೆಗೆದರು. ಒಚಾಮೆಗೆ ಮನಸ್ಸಂತೆ! ಅಂಟುಜಾಡ್ಯವೆಂದರೂ ಅವರು ಅಷ್ಟು ದೂರ ಸರಿಯುತ್ತಿರಲಿಲ್ಲ. ಹಿರಿಯರು ದಂಡ ಕಿತ್ತುಕೊಂಡರು, ಪೂರ್ವಿಕರ ಸಮಾಧಾನಕ್ಕೆ ಒಂದು ಕುರಿಯ ತಪ್ಪುಕಾಣಿಕೆ ಹಾಕಿದರು. ಆದರೆ ಮನಸ್ಸುಳ್ಳ ಒಚಾಮೆ ಸಾರಿದ್ದು ಸಾರಿದಂತಲ್ಲ; ಆದ್ದರಿಂದ ನೆಲ ಕೊಟ್ಟದ್ದೂ ಕೊಟ್ಟಂತಲ್ಲವೆಂದು ತೀರ್ಮಾನವಾಯಿತು. ಮುದಿಗೂಬೆ ಎಂದ ಮಾತನ್ನು ಅಳಿಸಿ ನಾನಾ ಅವರ ಮಾನ ಉಳಿಸಲು ಬೇರೆ ದಾರಿ ಇರಲಿಲ್ಲ. ಹೊಸ ಒಚಾಮೆ ಸಿಗುವವರೆಗೆ ಕಾಯಲಾರದೆ ಕಂಪನಿಯವನು ಪಕ್ಕದ ಊರಿಗೆ ಹೋದ. ಅಲ್ಲಿಯ ಒಚಾಮೆಯ ಹೊಟ್ಟೆ ಗಟ್ಟಿಯಿತ್ತು.

ಆ ಕುರಿಯನ್ನು ಬ್ರಾಗೊ ಕೊಟ್ಟಳು. ನೋವು ಪೂರ್ತಿ ಹೋಗಲಿಲ್ಲ; ನರದ ದಾರಿ ಎರಡೂ ಕಡೆಯದಲ್ಲವೆ, ಆಗಾಗ ಹಾದುಹೋಗುತ್ತಿತ್ತು. ಒಂದು ಮಧ್ಯಾಹ್ನ ತೋಟದಲ್ಲಿ ಕೂತು ಅವಳ ಸಾರು ಕುಡಿಯುತ್ತ ಅಗ್ಯಾರ್ಕೊ ಶುರುಮಾಡಿದ. "ಈ ಬಟ್ಟಲಿಗೆ ಮಹಾಸಾಗರವೇ ಅತಿಥಿಯಾಗಿ ಬಂದು..."

"ಏನಂದೆ?"

"ಉಪ್ಪು ಜಾಸ್ತಿ."

ಬ್ರಾಗೊ ಬಟ್ಟಲು ಕಿತ್ತುಕೊಂಡಳು. "ಹಾಗಾದ್ರೆ ನಾಳೆಯಿಂದ ನೀನೇ ಬೇಯಿಸ್ಕೋ, ದೊಡ್ಡ ಮನಸ್ಸಿನವನೇ!"