ಅಳಿಯನ ಹೆಸರಿನಲ್ಲಿದ್ದ ವಿಳಾಸ

ಬಾಲಚಂದ್ರ ಅವರ ಬಳಿ ತಮ್ಮದೇ ವೆಬ್‌ಸೈಟಿನ ಪಾಸ್‌ವರ್ಡ್ ಇರಲಿಲ್ಲ.

ಮನೆಯ ಪತ್ರ ಇತ್ತು. ಗ್ಯಾಸಿನ ಪುಸ್ತಕ ಇತ್ತು. ನೀರಿನ ಮೋಟರಿನ ಗ್ಯಾರಂಟಿ ಚೀಟಿ ಕೂಡ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಪಾಸ್‌ವರ್ಡ್ ಮಾತ್ರ ಇರಲಿಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಬಾಲಚಂದ್ರ ಮತ್ತು ಅವರ ಹೆಂಡತಿ ರಾಜಮ್ಮ ‘ಚಂದ್ರ ವಸತಿ’ ಎಂಬ ಹೆಸರಿನಲ್ಲಿ ಊಟ-ವಸತಿ ನಡೆಸುತ್ತಾರೆ. ಕರ್ನಾಟಕದಿಂದ ಕೆಲವು ತಿಂಗಳ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಅಲ್ಲಿ ಉಳಿದುಕೊಳ್ಳುತ್ತಾರೆ. ಆದರೆ ಮನೆಯ ಅರ್ಧಕ್ಕಿಂತ ಹೆಚ್ಚು ತುಂಬುವುದು ಒಂದೇ ಗಿರಾಕಿಯಿಂದ. ಪರವಾಡದ ಒಂದು ಔಷಧ ಕಂಪನಿ ತರಬೇತಿಗೆ ಬರುವವರನ್ನು ವರ್ಷಪೂರ್ತಿ ಇಲ್ಲಿಗೇ ಕಳಿಸುತ್ತದೆ. ಅವರಿಗೆ ಆರು ಕೋಣೆ. ಅಡಿಗೆಯ ಅಣ್ಣಪ್ಪನವರ ಸಂಬಳ ಬರುವುದು ಆ ಆರು ಕೋಣೆಗಳಿಂದಲೇ.

ಸೋಮವಾರ ಬೆಳಿಗ್ಗೆ ತಿಂಡಿಗೆ ಬಂದ ತೃಪ್ತಿ ಮೊಬೈಲನ್ನು ಬಾಲಚಂದ್ರರ ಮುಂದೆ ಹಿಡಿದಳು. ತೃಪ್ತಿ ಧಾರವಾಡದವಳು. ಅದೇ ಮನೆಯ ಮೇಲಿನ ಕೋಣೆಯಲ್ಲಿದ್ದುಕೊಂಡು ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ.

“ಅಂಕಲ್, ನಿಮ್ಮ ವೆಬ್‌ಸೈಟ್ ತೆಗದ್ರ ಯಾರೋ ಬೂಟು ಮಾರಾಕತ್ತಾರ ನೋಡ್ರಿ.”

“ಬೂಟಾ?”

“ಬೂಟು, ಸಾಲ, ತೂಕ ಇಳಿಸೋ ಪುಡಿ. ನಿಮ್ಮ ಕೋಣಿ ಒಂದೂ ಇಲ್ಲ.”

“ಪುಡಿ ಹಾಕಿದ್ದು ಒಳ್ಳೇದೇ ಆಯ್ತು ಮಾರಾಯ್ರೆ,” ಎಂದರು ಒಳಗಿನಿಂದ ಕುಂದಾಪುರದ ಅಣ್ಣಪ್ಪ. “ನನ್ನ ಅಡಿಗೆ ಉಂಡವರಿಗೆ ಬೇಕಾಗ್ತದೆ.”

ಬಾಲಚಂದ್ರ ತಲೆ ಕೆಡಿಸಿಕೊಳ್ಳಲಿಲ್ಲ. “ಸರ್ವರ್ ಇರಬೇಕು ಬಿಡಮ್ಮ. ಸಾಯಂಕಾಲಕ್ಕೆ ಸರಿಹೋಗುತ್ತೆ.”

“ಸರ್ವರ್ ಅಲ್ರೀ. ನಿಮ್ಮ ವೆಬ್‌ಸೈಟಿಗೆ ಒಂದು ವಿಳಾಸ ಇರ್ತದಲ್ಲ, ಅದನ್ನ ಡೊಮೇನ್ ಅಂತಾರ. ಅದಕ್ಕ ವರ್ಷಾ ವರ್ಷಾ ರೊಕ್ಕ ಕಟ್ಟಬೇಕು. ಯಾರೂ ಕಟ್ಟಿಲ್ಲ. ಡೊಮೇನ್ ಹೋತು ಅಂದ್ರ ಅದರ ಹೆಸರಿನ ಇ-ಮೇಲೂ ಹೋತು.”

ಮೇಲ್ ಎಂದ ಕೂಡಲೇ ಬಾಲಚಂದ್ರ ಕಾಫಿ ಲೋಟ ಕೆಳಗಿಟ್ಟರು. ಔಷಧ ಕಂಪನಿಗೆ ಮುಂದಿನ ವರ್ಷದ ದರಪಟ್ಟಿ ಕಳಿಸಲು ಶುಕ್ರವಾರ ಕಡೆಯ ದಿನ. ಅದನ್ನು ಕಳಿಸಬೇಕಾದದ್ದು ಆ ಇ-ಮೇಲ್‌ನಿಂದಲೇ.

ಕಂಪನಿಯಲ್ಲಿ ಈ ವ್ಯವಹಾರ ನೋಡಿಕೊಳ್ಳುವ ದುರ್ಗಾಭವಾನಿಗೆ ಫೋನ್ ಮಾಡಿದರು. ಬೇರೆ ಇ-ಮೇಲ್‌ನಿಂದ ಕಳಿಸಿದರೆ ಆಗುತ್ತದೆಯೇ ಎಂದು ಕೇಳಿದರು. ಆಕೆ ತೆಲುಗಿನಲ್ಲಿ, ಮರ್ಯಾದೆಯಾಗಿಯೇ ಹೇಳಿದರು: ಕಂಪನಿಯಲ್ಲಿ ನೋಂದಾಯಿಸಿದ ಇ-ಮೇಲ್‌ನಿಂದ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅದನ್ನು ಬದಲಾಯಿಸಬೇಕೆಂದರೂ ಅದರಿಂದಲೇ ಬರೆಯಬೇಕು. ಕಂಡ ಕಂಡ ಇ-ಮೇಲ್‌ನಿಂದ ಬಂದ ಬಿಲ್ಲಿಗೆ ಹಣ ಕಟ್ಟಿ ಹಿಂದೊಮ್ಮೆ ಮೋಸಹೋಗಿದ್ದಾರೆ. ಶುಕ್ರವಾರ ಸಾಯಂಕಾಲದವರೆಗೆ ಸಮಯವಿದೆ.

“ಈಗ ಆ ಡೊಮೇನ್ ಯಾರ ಹೆಸರಿನ್ಯಾಗ ಐತಿ?” ತೃಪ್ತಿ ಕೇಳಿದಳು.

“ಅಳಿಯಂದ್ರ ಹೆಸರಲ್ಲಿ.”

“ಯುಗಾದಿ ಟೈಮಿಗೇ ಹೇಳಿದ್ನೆಲ್ರೀ ನಾನು, ನಿಮ್ಮ ಹೆಸರಿಗೆ ಮಾಡಿಸ್ಕೊಳ್ರಿ ಅಂತ?”

ಹೇಳಿದ್ದಳು. ಅವರು ಕೇಳಿರಲಿಲ್ಲ. ಬಾಲಚಂದ್ರರ ಮಗಳು ಐಶ್ವರ್ಯಾಳನ್ನು ವಿಜಯವಾಡದ ಕಡೆ, ಗನ್ನವರಂಗೆ ಕೊಟ್ಟಿದ್ದಾರೆ. ಅಳಿಯ ಫಣೀಂದ್ರನಿಗೆ ಕಂಪ್ಯೂಟರ್ ಅಂಗಡಿ ಇದೆ. ಮದುವೆಯಾದ ಹೊಸದರಲ್ಲಿ ಮಾವನಿಗೆ ಉಡುಗೊರೆಯಾಗಿ ಆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಯಾವುದೋ ಜಾಹೀರಾತು ನೋಡಿ, ವೆಬ್‌ಸೈಟುಗಳಿಗೆ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್ ಕಂಪನಿಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದರಲ್ಲಿ ಇಟ್ಟಿದ್ದ.

“ಅಳಿಯಂದ್ರ ಹತ್ರ ಪಾಸ್‌ವರ್ಡ್ ಕೇಳೋದಾ?” ಎಂದಿದ್ದರು ಆಗ ಬಾಲಚಂದ್ರ. “ಕೊಟ್ಟ ಉಡುಗೊರೆಗೆ ರಸೀದಿ ಕೇಳಿದ ಹಾಗಾಗುತ್ತೆ.”

“ನಮ್ಮ ಮಗಳು ಆ ಮನೇಲಿದ್ದಾಳಮ್ಮ,” ಎಂದಿದ್ದರು ರಾಜಮ್ಮ. ಅಲ್ಲಿಗೆ ಮಾತು ಮುಗಿದಿತ್ತು.

ಈಗ ತೃಪ್ತಿ ಆ ಹೋಸ್ಟಿಂಗ್ ಕಂಪನಿಯ ಸಹಾಯ ವಿಭಾಗವನ್ನು ಹುಡುಕಿದಳು. ಒಂದು ಚಾಟ್ ಪೆಟ್ಟಿಗೆ ತೆರೆಯಿತು. ‘ನಾನು ಪ್ರಿಯಾ. ನಿಮ್ಮ ಸಮಸ್ಯೆ ನಮಗೆ ಬಹಳ ಮುಖ್ಯ’ ಎಂದಿತು. ತೃಪ್ತಿ ಸಮಸ್ಯೆ ಬರೆದಳು. ‘ದಯವಿಟ್ಟು ಲಾಗಿನ್ ಆಗಿ’ ಎಂದಿತು. ಲಾಗಿನ್ ಆಗಲು ಬರುತ್ತಿಲ್ಲ, ಅದೇ ಸಮಸ್ಯೆ ಎಂದು ಬರೆದಳು. ‘ನಿಮ್ಮ ಸಮಸ್ಯೆ ನಮಗೆ ಬಹಳ ಮುಖ್ಯ’ ಎಂದಿತು.

“ಅವಳ ಮೇಲಿನವರನ್ನ ಕರೆಯೋಕೆ ಹೇಳು,” ಎಂದರು ರಾಜಮ್ಮ.

“ಇದು ಮಷೀನ್‌ರೀ ಆಂಟಿ.”

“ಮತ್ತೆ ಪ್ರಿಯಾ ಅಂತಿದ್ದಾಳೆ?”

ಫೋನ್ ನಂಬರೂ ಒಂದಿತ್ತು. ಸಂಗೀತ ಬಂತು. ಸಂಗೀತ ನಿಂತಿತು. ಕರೆ ಕಟ್ಟಾಯಿತು. ರಾಜಮ್ಮ ಮತ್ತೆ ಕರೆ ಮಾಡಿದರು. ಮತ್ತೆ ಅದೇ ಸಂಗೀತ. ಸಾರು ಕುದಿದು ಒಲೆಯ ಮೇಲೆ ಉಕ್ಕಿತು.

ಬಾಲಚಂದ್ರ ಅಳಿಯನಿಗೆ ಫೋನ್ ಮಾಡಿದರು. ಪಾಸ್‌ವರ್ಡ್ ಎಂಬ ಮಾತನ್ನು ಎತ್ತಲಿಲ್ಲ. ವೆಬ್‌ಸೈಟ್ ಯಾಕೋ ಕಾಣುತ್ತಿಲ್ಲ ಎಂದಷ್ಟೇ ಹೇಳಿದರು. “ಪರವಾಲೇದು ಮಾಮಯ್ಯಗಾರು, ನಾನು ನೋಡ್ಕೋತೀನಿ,” ಎಂದ ಫಣೀಂದ್ರ. ಮಂಗಳವಾರವೂ ನೋಡಿಕೊಳ್ಳುತ್ತೇನೆ ಎಂದ. ಬೂಟಿನ ಜಾಹೀರಾತು ಅಲ್ಲೇ ಇತ್ತು.

ಬುಧವಾರ ಬೆಳಗಿನ ರೈಲು ಹಿಡಿದು ಬಾಲಚಂದ್ರ ವಿಜಯವಾಡಕ್ಕೆ ಹೋದರು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಸ್ಟೇಷನ್ನಿನ ಹೊರಗೆ ಹಣ್ಣು, ಸಿಹಿ ಕೊಂಡರು. ಬೀಗರು ಸತ್ಯಮೂರ್ತಿ ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಊಟಕ್ಕೆ ಮೊದಲು ಕೆಲಸದ ಮಾತು ಆಡುವಂತಿಲ್ಲ. ಊಟದ ನಡುವೆಯೂ ಆಡುವಂತಿಲ್ಲ. ಗೋಂಗೂರ ಚಟ್ನಿ, ತುಪ್ಪ, ಇನ್ನೊಂದು ತುತ್ತು, ಮತ್ತೊಂದು ತುತ್ತು. ಊಟವಾದ ಮೇಲೆ ಬೀಗರು ಸ್ವಲ್ಪ ಮಲಗಿ ಏಳಿ ಎಂದರು. ಬಾಲಚಂದ್ರ ಮಲಗಿ ಎದ್ದರು. ಕಾಫಿ ಬಂತು. ಏರ್‌ಪೋರ್ಟ್ ಪಕ್ಕದ ಜಾಗದ ಬೆಲೆಯ ಬಗ್ಗೆ ಮಾತಾಯಿತು. ಫಣೀಂದ್ರ ಎದುರಿಗೇ ಕೂತಿದ್ದ. ಅವನೂ ಆ ಮಾತು ಎತ್ತಲಿಲ್ಲ.

ರಾಜಮ್ಮನ ಫೋನ್ ಬಂತು.

“ಕೇಳಿದ್ರಾ?”

“ಈಗ ತಾನೆ ಕಾಫಿ ಆಯ್ತು.”

“ಇನ್ನು ರಾತ್ರಿ ಊಟ ಮುಗಿಸಿ ಕೇಳ್ತೀರಾ? ಅಳಿಯಂದ್ರ ಕೈಗೆ ಕೊಡಿ ಫೋನು.”

ಬಾಲಚಂದ್ರ ಕೊಟ್ಟರು. ರಾಜಮ್ಮನ ದನಿ ಇಡೀ ಹಜಾರಕ್ಕೆ ಕೇಳಿಸಿತು.

“ಅಳಿಯಂದ್ರೆ, ಚೆನ್ನಾಗಿದ್ದೀರಾ? ಪಾಸ್‌ವರ್ಡ್ ಕೊಡಿ.”

ಫಣೀಂದ್ರ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ಅತ್ತಯ್ಯಗಾರು... ಅದು ಇಲ್ಲ,” ಎಂದ.

ಆಮೇಲೆ ಒಂದೊಂದೇ ಹೊರಬಂತು. ಡೊಮೇನ್ ಕೊಂಡಾಗ ಅವನು ಒಂದು ಆಫೀಸಿನಲ್ಲಿದ್ದ. ಅಲ್ಲಿನ ಇ-ಮೇಲನ್ನೇ ಕೊಟ್ಟಿದ್ದ. ಹೋದ ವರ್ಷ ಕೆಲಸ ಬಿಟ್ಟ, ಆ ಇ-ಮೇಲ್ ಹೋಯಿತು. ಕೊಟ್ಟಿದ್ದ ಮೊಬೈಲ್ ನಂಬರೂ ಈಗ ಇಲ್ಲ. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯೆಲ್ಲ ಯಾರೂ ತೆರೆಯದ ಆ ಇ-ಮೇಲ್‌ಗೇ ಹೋಗಿದೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಹೊಸದೂ ಅಲ್ಲಿಗೇ ಹೋಗುತ್ತದೆ.

“ವರ್ಷ ಮುಗಿಯೋದು ಗೊತ್ತಿರ್ಲಿಲ್ವಾ?” ಎಂದಳು ಐಶ್ವರ್ಯಾ.

“ಅಂದಾಜು ಇತ್ತು. ಈ ಸಲ ಬೆಲೆ ತುಂಬ ಏರಿಸಿದ್ರು, ಅವರ ವೆಬ್‌ಸೈಟಲ್ಲಿ ನೋಡಿದ್ದೆ. ಮಾಮಯ್ಯಗಾರನ್ನ ದುಡ್ಡು ಹೇಗೆ ಕೇಳೋದು?”

“ನಾನೇ ಕೊಡೋಣ ಅಂದ್ಕೊಂಡಿದ್ದೆ,” ಎಂದರು ಬಾಲಚಂದ್ರ. “ಅಳಿಯಂದ್ರಿಗೆ ಅವಮಾನ ಆಗುತ್ತೇನೋ ಅಂತ ಸುಮ್ಮನಾದೆ.”

ಐಶ್ವರ್ಯಾ ಇಬ್ಬರನ್ನೂ ನೋಡಿದಳು. “ನಿಮ್ಮಿಬ್ಬರ ಮೊಹಮಾಟಕ್ಕೆ, ದಾಕ್ಷಿಣ್ಯಕ್ಕೆ ಬೆಂಕಿ ಹಾಕ! ಅವರು ಕೇಳ್ಲಿಲ್ಲ, ಇವರು ಕೊಡ್ಲಿಲ್ಲ. ಅಣ್ಣಪ್ಪನವರ ಸಂಬಳ ಯಾರು ಕೊಡ್ತಾರೆ ಈಗ?”

ಸತ್ಯಮೂರ್ತಿ ಸಿಹಿಯ ತಟ್ಟೆ ಮುಂದೆ ತಳ್ಳಿದರು. ಯಾರೂ ಮುಟ್ಟಲಿಲ್ಲ.

ಗುರುವಾರ ಫಣೀಂದ್ರ ತನ್ನ ಗುರುತಿನ ಚೀಟಿ, ಹಿಂದೆ ಹಣ ಕಟ್ಟಿದ್ದ ಬ್ಯಾಂಕ್ ವಿವರ ಎಲ್ಲವನ್ನೂ ಹೋಸ್ಟಿಂಗ್ ಕಂಪನಿಗೆ ಕಳಿಸಿದ. ದೂರಿನ ನಂಬರ್ ಬಂತು. ಉತ್ತರಕ್ಕೆ ಕೆಲವು ಕೆಲಸದ ದಿನಗಳು ಬೇಕು ಎಂದೂ ಬಂತು. ಶುಕ್ರವಾರ ಇಡೀ ದಿನ ಅವನು ಅಂಗಡಿಯಲ್ಲಿ ಗಿರಾಕಿಗಳನ್ನು ಬಿಟ್ಟು ಆ ಸಂಗೀತ ಕೇಳಿದ. ಸಾಯಂಕಾಲವಾಯಿತು. ದರಪಟ್ಟಿ ಹೋಗಲಿಲ್ಲ. ಔಷಧ ಕಂಪನಿಯ ಆರ್ಡರ್ ಬೇರೆ ವಸತಿಯ ಪಾಲಾಯಿತು.

ಭಾನುವಾರ ತೃಪ್ತಿ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು.

“ಇದರ ಸಹವಾಸವೇ ಬೇಡ,” ಎಂದರು ರಾಜಮ್ಮ. “ವಾಟ್ಸಾಪ್ ಇದೆ, ಸಾಕು.”

“ವಾಟ್ಸಾಪ್ ನೋಡಿ ಯಾವ ಕಂಪನಿ ವರ್ಷದ ಆರ್ಡರ್ ಕೊಡ್ತದ್ರೀ? ವೆಬ್‌ಸೈಟಿಂದ ತಪ್ಪಿಲ್ಲ ಆಂಟಿ. ಇಟ್ಟ ಜಾಗ ತಪ್ಪು, ಇಟ್ಟ ಹೆಸರು ತಪ್ಪು.”

“ಇಲ್ಲೊಂದು ಇದೆ ನೋಡು, ಮೊದಲ ವರ್ಷ ಪುಕ್ಕಟೆ,” ಎಂದರು ಬಾಲಚಂದ್ರ.

“ಎರಡನೇ ವರ್ಷ ಎಷ್ಟು ಅಂತ ಬರದಾರ? ಅದನ್ನ ಮೊದಲ ಓದ್ರಿ ಅಂಕಲ್. ಆಂಟಿ, ನೀವು ಫೋನ್ ಹಚ್ರಿ. ರೊಕ್ಕ ಕೊಡೂಕಿಂತ ಮುಂಚೆ ಮಾತಾಡ್ಸೋಣ. ಭಾನುವಾರ ಯಾರು ಎತ್ತತಾರ ನೋಡೋಣ.”

“ನನಗೆ ಏನು ಗೊತ್ತು ಅಂತ ಕೇಳ್ಲಿ?”

“ನಿಮಗ ಹೊಟ್ಟಿ ಉರಿದದ್ದನ್ನೇ ಕೇಳ್ರಿ.”

ಮೊದಲ ಕಂಪನಿಯಲ್ಲಿ ಮಷೀನ್ ಮಾತಾಡಿತು. ಎರಡನೆಯದರಲ್ಲಿ ಮನುಷ್ಯನೇ ಎತ್ತಿದ, ಆದರೆ ಹೋಸ್ಟಿಂಗಿನ ಜೊತೆಗೆ ಇನ್ನೇನೇನೋ ಮಾರಲು ನೋಡಿದ. ಮೂರನೆಯದರಲ್ಲಿ ಒಬ್ಬ ಹುಡುಗ ತೆಲುಗಿನಲ್ಲಿ ಮಾತಾಡಿದ. ರಾಜಮ್ಮ ನೇರವಾಗಿ ಕೇಳಿದರು: ನಾಳೆ ನಿಮ್ಮ ಕಂಪನಿ ನನಗೆ ಬೇಡವಾದರೆ ನನ್ನ ಡೊಮೇನ್ ನನಗೆ ಕೊಡುತ್ತೀರಾ?

ಹುಡುಗ ನಕ್ಕ. ಯಾವ ಪುಟಕ್ಕೆ ಹೋಗಬೇಕು, ಡೊಮೇನಿಗೆ ಹಾಕಿದ ಬೀಗ ತೆಗೆಯುವ ಗುಂಡಿ ಎಲ್ಲಿದೆ, ಬೇರೆ ಕಂಪನಿಗೆ ಒಯ್ಯಲು ಬೇಕಾದ ಕೋಡ್ ಎಲ್ಲಿ ಸಿಗುತ್ತದೆ ಎಂದು ಹೇಳಿದ. ಯಾರನ್ನೂ ಕೇಳಬೇಕಾಗಿಲ್ಲ, ನೀವೇ ಮಾಡಬಹುದು ಎಂದ.

ರಾಜಮ್ಮ ಫೋನ್ ಇಟ್ಟರು. “ಬಿಟ್ಟು ಹೋಗೋ ದಾರಿ ತೋರಿಸಿದ. ಇವನ ಹತ್ರ ಸೇರಬಹುದು.”

ಹೊಸ ಡೊಮೇನ್ ಬಾಲಚಂದ್ರರ ಹೆಸರಿನಲ್ಲಿ, ಅವರದೇ ಮೊಬೈಲ್ ನಂಬರಿಗೆ ಆಯಿತು. ಅವಧಿ ಮುಗಿಯುವ ಎಚ್ಚರಿಕೆ ಬರಲು ತೃಪ್ತಿ ಅವರ ಸ್ವಂತ ಇ-ಮೇಲನ್ನು ಕೊಡಿಸಿದಳು. ಡೊಮೇನಿನದೇ ಇ-ಮೇಲ್ ಕೊಟ್ಟರೆ, ಡೊಮೇನ್ ಹೋದ ದಿನ ಎಚ್ಚರಿಕೆಯೂ ಹೋಗುತ್ತದೆ. ವರ್ಷ ಮುಗಿಯುವ ಮೊದಲೇ ಹಣ ತಾನಾಗಿ ಕಟ್ಟುವ ಸೌಲಭ್ಯ ಹಾಕಿದಳು. ವೆಬ್‌ಸೈಟಿನ ನಕಲನ್ನು ಇಳಿಸಿಕೊಳ್ಳುವುದು ಹೇಗೆಂದು ರಾಜಮ್ಮನ ಕೈಯಿಂದಲೇ ಮಾಡಿಸಿದಳು.

ವಿಡಿಯೋ ಕರೆಯಲ್ಲಿ ಎಲ್ಲವನ್ನೂ ನೋಡುತ್ತಿದ್ದ ಫಣೀಂದ್ರ ಕೊನೆಗೆ ತೃಪ್ತಿಯನ್ನು ಕರೆದ. “ಅಮ್ಮಾ, ನಮ್ಮ ಅಂಗಡಿ ವೆಬ್‌ಸೈಟೂ ಆ ಹಳೇ ಇ-ಮೇಲಲ್ಲೇ ಇದೆ. ಸ್ವಲ್ಪ ಹೇಳಿಕೊಡ್ತೀರಾ?”

“ಇನ್ನೂ ಅದರಾಗ ಇಟ್ಟೀರೇನ್ರಿ!” ಎಂದಳು ತೃಪ್ತಿ.

ತಿಂಗಳ ಕೊನೆಗೆ ಅಣ್ಣಪ್ಪ ಪೆಟ್ಟಿಗೆ ಕಟ್ಟಿದರು. ಗಾಜುವಾಕದ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತ್ತು. “ಬೇಜಾರು ಮಾಡ್ಬೇಡಿ ಮಾರಾಯ್ರೆ,” ಎಂದರು. ಬಾಲಚಂದ್ರ ಬಸ್ ಸ್ಟಾಪಿನವರೆಗೂ ಹೋದರು. ಆರ್ಡರ್ ಮತ್ತೆ ಬಂದರೆ ಕರೆಯುತ್ತೇನೆ ಎಂದು ಹೇಳಬೇಕೆಂದಿದ್ದರು. ಬಸ್ ಬಂತು, ಪೆಟ್ಟಿಗೆ ಎತ್ತಿಕೊಟ್ಟರು.

ಇದನ್ನು ಓದುತ್ತಿರುವವರೇ, ನಿಮ್ಮ ಅಂಗಡಿಗೆ, ಸಂಘಕ್ಕೆ, ಮೆಸ್ಸಿಗೆ ವೆಬ್‌ಸೈಟ್ ಇದ್ದರೆ ಈಗಲೇ ಕೇಳಿ: ಅದು ಯಾರ ಹೆಸರಿನಲ್ಲಿದೆ? ಎಚ್ಚರಿಕೆ ಯಾರ ಇ-ಮೇಲ್‌ಗೆ ಬರುತ್ತದೆ? ಮಾಡಿಕೊಟ್ಟವರು ಅಳಿಯನೇ ಇರಲಿ, ಭಾವನೇ ಇರಲಿ, ಸ್ನೇಹಿತನೇ ಇರಲಿ, ಕೇಳಿ. ಕೇಳಿದರೆ ಸಂಬಂಧ ಕೆಡುವುದಿಲ್ಲ. ಕೆಟ್ಟರೂ ಒಂದು ಹೊತ್ತಿನ ಊಟದಲ್ಲಿ ಸರಿಹೋಗುತ್ತದೆ. ಹೊಸದಾಗಿ ಹೋಸ್ಟಿಂಗ್ ಕೊಳ್ಳುವವರು ಅಗ್ಗದ ಬೆಲೆ ನೋಡಿ ಮರುಳಾಗಬೇಡಿ. ಹಣ ಕಟ್ಟುವ ಮೊದಲು ರಜಾ ದಿನ ಒಮ್ಮೆ ಫೋನ್ ಮಾಡಿ, ಮನುಷ್ಯರು ಮಾತಾಡುತ್ತಾರೆಯೇ ನೋಡಿ. ಡೊಮೇನನ್ನು ನೀವೇ ನವೀಕರಿಸಲು, ಬದಲಾಯಿಸಲು, ಬೇಕೆಂದಾಗ ಬೇರೆಡೆಗೆ ಒಯ್ಯಲು ಆಗುತ್ತದೆಯೇ ಕೇಳಿ. ಆಗದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಹಳೆಯ ಹೋಸ್ಟಿಂಗ್ ಕಂಪನಿಯ ಉತ್ತರ ಆಮೇಲೆ ಬಂತು. ನವೀಕರಿಸುವ ಗಡುವು ಮುಗಿದಿದೆ, ಡೊಮೇನ್ ಈಗ ಬೇರೆಯವರದು ಎಂದಿತ್ತು.

ಚಂದ್ರ ವಸತಿ ಕಳೆದುಕೊಂಡದ್ದು ಇಷ್ಟು: ಒಂದು ಡೊಮೇನ್, ಅದರ ಇ-ಮೇಲ್‌ನಲ್ಲಿದ್ದ ಐದು ವರ್ಷದ ಪತ್ರಗಳು, ಆರು ಕೋಣೆಗಳ ಒಂದು ವರ್ಷದ ಆರ್ಡರ್, ಒಬ್ಬ ಅಡಿಗೆಯವರು.