ಇಳಿಯದ ಹಿಮ್ಮಡಿ

ಮೂರನೆಯ ತಂತಿ ಒಂಚೂರು ಇಳಿದಿದೆ, ಇಲ್ಲ, ಇಳಿದಿಲ್ಲ, ಈ ಬಾಡಿಗೆ ಛತ್ರದ ಫ್ಯಾನ್ ಸದ್ದಿಗೆ ಹಾಗೆ ಕೇಳಿಸುತ್ತಿದೆ ಅಷ್ಟೇ, ಅಣ್ಣ ಹಾಡಲು ಶುರು ಮಾಡಿಯೂ ಆಯಿತು, ಇನ್ನು ತಿರುಪು ಮುಟ್ಟುವ ಹಾಗಿಲ್ಲ, ನುಡಿಸು, ಎರಡು ಚರಣ, ಆಮೇಲೆ ಕೊನೆ, ಕೊನೆಯ ಆ ಒಂದು ಕಾರ್ಡ್, ಆ ಸ್ವರಗಳ ಗುಚ್ಛ – ಅದರಲ್ಲೇ ನಿಲ್ಲಿಸಿದರೆ ನಾಳೆಯಿಂದ ನನ್ನ ಜೊತೆ ಗಿಟಾರ್ ಹಿಡೀಬೇಡ ಅಂದಿದ್ದಾನೆ, ಈಗಷ್ಟೇ, ವೇದಿಕೆ ಹತ್ತುವ ಮುಂಚೆ, ಪರದೆಯ ಹಿಂದೆ, ಅತ್ತಿಗೆಗೂ ಕೇಳಿಸುವ ಹಾಗೆ, ಅಪ್ಪ ಅಮ್ಮನ ಮದುವೆಗೆ ಐವತ್ತು ತುಂಬಿದೆ, ನೆಂಟರೆಲ್ಲ ಬಂದು ಕೂತಿದ್ದಾರೆ, ಇಂಥ ದಿನ ಹಾಡನ್ನ ನಡುನೀರಲ್ಲಿ ಕೈಬಿಡ್ತೀಯಾ, ಸಿ ಮೇಜರಿಗೆ ಬಂದು ಮುಗಿಸು, ಎಲ್ಲರೂ ಹಾಗೇ ಮುಗಿಸೋದು. ಎಲ್ಲರೂ. ಆ ಪರದೆಯನ್ನು ಹೊಲಿದವಳು ನಾನು, ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯದೇ, ಊರಿನ ಅರ್ಧ ಕಿಟಕಿಗಳ ಅಂಚು ಮಡಚಿ ಹೊಲಿದುಕೊಟ್ಟವಳಿಗೆ ಮುಗಿಸುವುದು ಹೇಗೆ ಅಂತ ಇವನು ಹೇಳಿಕೊಡಬೇಕೆ, ನನಗೆ ಬರುತ್ತದೆ, ಬೇಕಾದಷ್ಟು ಬರುತ್ತದೆ, ಇವತ್ತು ಬೇಡ.

ಬೆರಳು ನೋಯುತ್ತಿದೆ, ನೋಯಲಿ, ಎಡಗೈ ತೋರುಬೆರಳು, ಮಷೀನಿನ ಸೂಜಿ ಒಂದು ಸಲ ಉಗುರಿನ ಮೂಲಕ ಹಾದುಹೋದ ಮೇಲೆ ತುದಿ ಹೊರಳಿಕೊಂಡೇ ನಿಂತಿದೆ, ಸಿ ಮೇಜರ್ ಹಿಡಿಯಲು ಈ ಬೆರಳು ಒಂದೇ ತಂತಿಯ ಮೇಲೆ ನೆಟ್ಟಗೆ ನಿಲ್ಲಬೇಕು, ಇದು ನಿಲ್ಲುವುದಿಲ್ಲ, ಪಕ್ಕದ ತಂತಿಯ ಮೇಲೂ ಮಲಗಿಬಿಡುತ್ತದೆ, ನಾಯಿ ಬಾಲ ಡೊಂಕೇ ಅಂತ ಅಣ್ಣ ನಗುತ್ತಿದ್ದ, ಮೇಷ್ಟ್ರು ಮಾತ್ರ ನಗಲಿಲ್ಲ, ಒಂದು ಕಾಲದಲ್ಲಿ ಹಡಗಿನ ಬ್ಯಾಂಡಿನಲ್ಲಿದ್ದವರು, ಈಗ ನಮ್ಮ ಅಂಗಡಿಯ ಮಹಡಿಯ ಮೇಲೆ ಗಿಟಾರ್ ಕಲಿಸುತ್ತಾರೆ, ಬಾಯಲ್ಲಿದ್ದ ಬಿಸ್ಕತ್ತು ನುಂಗಿ, ತಡಿ ತಡಿ, ಇನ್ನೊಂದು ಸಲ ನುಡಿಸಮ್ಮ, ಇದು ತಪ್ಪಲ್ಲ, ಇದಕ್ಕೂ ಒಂದು ಹೆಸರಿದೆ, ಆಗ್ಮೆಂಟೆಡ್ ಅಂತ, ಸ ಇದೆ, ಗ ಇದೆ, ಪ ಮಾತ್ರ ಜಾಗ ಬಿಟ್ಟು ಅರ್ಧ ಮೆಟ್ಟಿಲು ಮೇಲೆ ಹೋಗಿದೆ, ಪ ಅಂದ್ರೆ ಅಲುಗಾಡದ ಸ್ವರ ಅಂತಾರೆ, ನೀನು ಅದನ್ನೇ ಎಬ್ಬಿಸಿಬಿಟ್ಟಿದ್ದೀಯ. ಮತ್ತೆ ನುಡಿಸಿದೆ. ಈ ಸದ್ದು ನನಗೆ ಗೊತ್ತು, ಎಲ್ಲಿಯೋ ಕೇಳಿದ್ದೇನೆ, ಕೇಳಿದ್ದಲ್ಲ, ನೋಡಿದ್ದು – ಹೊಸಿಲ ಮೇಲೆ ಒಂದು ಹಿಮ್ಮಡಿ, ನೆಲ ಬಿಟ್ಟದ್ದು, ಬೆರಳ ತುದಿಗೆ ಚಪ್ಪಲಿ ಜೋತುಬಿದ್ದದ್ದು.

ಮೊದಲ ಚರಣ ಮುಗಿಯಿತು, ಅಣ್ಣನ ಗಂಟಲು ಇವತ್ತು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ, ರಾಗ ನನ್ನದು, ಮಾತು ಅವನದು, ಬಾಗಿಲಲಿ ನಿಂತವಳು ಬೆಳಕಾಗಿ ಬಂದಳು, ಎಂಥ ಬೆಳಕು, ಮಣ್ಣಂಗಟ್ಟಿ, ನಾವು ಚಿಕ್ಕವರಿದ್ದಾಗ, ಅಮ್ಮ ಬಾಗಿಲಲ್ಲಿ ನಿಂತ ಆ ಬೆಳಿಗ್ಗೆ, ಇವನು ಮುಸುಕೆಳೆದು ಮಲಗಿದ್ದ, ಎದ್ದಿದ್ದವಳು ನಾನು, ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ನಾನು, ಅಮ್ಮನ ಕೈಯಲ್ಲಿ ಚೀಲ, ಒಂದು ಕಾಲು ಆಚೆ, ಇನ್ನೊಂದು ಕಾಲಿನ ಹಿಮ್ಮಡಿ ಮೇಲೆದ್ದಿದೆ, ಇನ್ನೇನು ಹೋದಳು, ಅಡುಗೆಮನೆಯಿಂದ ಅಪ್ಪ, ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ ಅಪ್ಪ, ಕೈ ಚಾಚಿದರೆ ಒಲೆ ಸಿಗುತ್ತಿತ್ತು, ಏ, ಹಾಲು ಉಕ್ತಾ ಇದೆ ನೋಡೇ. ಹಿಮ್ಮಡಿ ಹಾಗೇ ನಿಂತಿತ್ತು. ಆಮೇಲೆ ಹಿಮ್ಮಡಿ ಕೆಳಗಿಳಿಯಿತು. ಅಷ್ಟರಲ್ಲಿ ಹಾಲು ಹೇಗೂ ಉಕ್ಕಿಹೋಗಿತ್ತು, ಅಮ್ಮ ಚೀಲವನ್ನು ಮೂಲೆಗಿಟ್ಟು ಒಲೆ ಒರೆಸಿದಳು, ಅಪ್ಪ ಕಾಲೆತ್ತಿ ಜಾಗ ಬಿಟ್ಟುಕೊಟ್ಟರು, ದೊಡ್ಡ ಉಪಕಾರ. ಅಣ್ಣನಿಗೆ ಹೇಳಿದರೆ, ಅಮ್ಮ ತರಕಾರಿಗೆ ಹೊರಟಿದ್ದಳು ಕಣೇ, ನಿಂದು ಎಲ್ಲದಕ್ಕೂ ಒಂದು ಕಥೆ. ತರಕಾರಿಗೆ. ಚೀಲದಿಂದ ಅಜ್ಜಿಯ ಫೋಟೊದ ಕಟ್ಟಿನ ಮೂಲೆ ಹೊರಗೆ ಚಾಚಿತ್ತಲ್ಲ, ಅಜ್ಜಿಯ ಫೋಟೊ ಕೊಟ್ಟರೆ ಯಾರಪ್ಪ ಬದನೆಕಾಯಿ ತೂಗುವುದು.

ಎರಡನೆಯ ಚರಣ, ಬೆರಳುಗಳಿಗೆ ದಾರಿ ಗೊತ್ತು, ಹೋಗಲಿ ಅವು ತಮ್ಮಷ್ಟಕ್ಕೆ, ಅಣ್ಣ ಆಗಲೇ ಮೈಕಿನಲ್ಲಿ ಹೇಳಿಬಿಟ್ಟಿದ್ದಾನೆ, ನನ್ನ ತಂಗಿ ಬೆರಳು ಸ್ವಲ್ಪ ಸೊಟ್ಟ, ಹೆಚ್ಚುಕಮ್ಮಿ ಆದ್ರೆ ಹೊಟ್ಟೆಗೆ ಹಾಕಿಕೊಳ್ಳಿ, ಎಲ್ಲರೂ ನಕ್ಕರು, ಯಾಕೆ ಹಾಕಿಕೊಳ್ಳಬೇಕು, ಈ ಸೊಟ್ಟ ಬೆರಳಿಗೆ ನಾನು ಸಿ ಮೇಜರ್ ಕಲಿಸಿದ್ದೇನೆ, ಮಣಿಕಟ್ಟು ಮುಂದಕ್ಕೆ ತಳ್ಳಿ, ತುದಿ ಸೀಳಿ ರಕ್ತ ಬಂದರೂ ಬಿಡದೆ, ಗಿರಾಕಿಯ ಬಿಳಿ ಬಟ್ಟೆಗೆ ಕಲೆಯಾಗಿ ಮಾಲೀಕಳ ಕೈಲಿ ಬೈಸಿಕೊಂಡು, ಕೊನೆಗೆ ಒಂದು ದಿನ ಗಂಟೆಯ ಹಾಗೆ ಶುದ್ಧವಾಗಿ ನುಡಿಯಿತು, ಯಾಕೆ ಕಲಿತೆ, ಇದಕ್ಕೇ, ಇವತ್ತು ಅದನ್ನು ಬಿಟ್ಟು ಇದನ್ನು ಹಿಡಿದಾಗ ಪಾಪ ಬೆರಳು ಜಾರಿತು ಅಂತ ಒಬ್ಬರೂ ಅನ್ನಬಾರದು. ಈ ಆಗ್ಮೆಂಟೆಡ್ಡನ್ನೂ ಕಲಿತೆ, ಗಿಟಾರಿನ ಕುತ್ತಿಗೆಯುದ್ದಕ್ಕೂ, ಅದೇ ಹಿಡಿತವನ್ನು ನಾಲ್ಕು ಫ್ರೆಟ್ ಪಟ್ಟಿ ಮೇಲಕ್ಕೆ ಸರಿಸಿದರೆ ಮತ್ತೆ ಅವೇ ಮೂರು ಸ್ವರ, ಇನ್ನೂ ನಾಲ್ಕು, ಮತ್ತೆ ಅವೇ, ಬಾಡಿಗೆಯವರ ಹಾಗಮ್ಮ ಈ ಕಾರ್ಡು, ಮೇಷ್ಟ್ರು ಹೇಳಿದ್ದು, ಎಲ್ಲಿ ಹೋದ್ರೂ ಅದೇ ಪಾತ್ರೆ ಅದೇ ಚಾಪೆ, ಸ್ವಂತ ಮನೆ ಅಂತ ಒಂದಿಲ್ಲ, ಕೇಳೋರಿಗೆ ಮಾತ್ರ ಯಾವಾಗ ಮನೆಗೆ ಹೋಗುತ್ತೋ ಅಂತ ಚಡಪಡಿಕೆ. ಚಡಪಡಿಸಲಿ. ಹೋದ ವಾರ ಅಮ್ಮ ಅಂಗಡಿಗೆ ಬಂದಿದ್ದಳು, ದಿಂಬಿನ ಚೀಲ ಹೊಲಿಸಲು ಅಂತ ನೆಪ, ಸ್ಟೂಲಿನ ಮೇಲೆ ಕೂತು ಹಾಡನ್ನು ಪೂರ್ತಿ ಕೇಳಿದಳು, ನಾನು ಅಣ್ಣ ಹೇಳಿದ ಹಾಗೇ ಸಿ ಮೇಜರಿಗೆ ತಂದು ನಿಲ್ಲಿಸಿದೆ, ಅಮ್ಮ ಸೆರಗಿನ ದಾರ ಕೀಳುತ್ತಾ, ಕೊನೇದಕ್ಕೆ ಮುಂಚೆ ಒಂದು ಬಂತಲ್ಲೇ, ಅದು ಚೆನ್ನಾಗಿತ್ತು, ಯಾಕೆ ಇಳಿಸಿಬಿಟ್ಟೆ. ನಾನು ದಿಂಬಿನ ಅಳತೆ ಬರೆದುಕೊಂಡೆ, ಉತ್ತರ ಇವತ್ತು ಕೊಡುತ್ತೇನಮ್ಮ.

ಕೊನೆಯ ಸಾಲು ಬಂತು, ಬೆಳಕಾಗಿ ಬಂದಳು, ಅಣ್ಣ ಎಳೆಯುತ್ತಿದ್ದಾನೆ, ತಿರುಗಿ ನೋಡುತ್ತಿದ್ದಾನೆ, ಹುಬ್ಬು ಮೇಲೆ, ಇಳಿಸು ಅನ್ನುತ್ತಿವೆ ಕಣ್ಣು, ತೋರುಬೆರಳೇ ಮಲಗು, ಎರಡು ತಂತಿಯ ಮೇಲೂ ಚೆನ್ನಾಗಿ ಮಲಗು – ಬಾರಿಸಿದೆ. ನಿಂತಿದೆ, ಸದ್ದು ಛತ್ರದ ನಡುವೆ ನಿಂತಿದೆ, ಚಪ್ಪಾಳೆಗೆ ಎದ್ದ ಕೈಗಳು ಅರ್ಧದಲ್ಲೇ ಉಳಿದಿವೆ, ಯಾರೋ ಕೆಮ್ಮಿದರು, ಅಣ್ಣ ಪಿಸುಗುಟ್ಟುತ್ತಿದ್ದಾನೆ, ಸಿ, ಸಿ ಕಣೇ, ಇಲ್ಲ, ಕೊಡುವುದಿಲ್ಲ, ನಾಳೆಯಿಂದ ಬರಬೇಡ ಅಂದೆಯಲ್ಲ, ಬರುವುದಿಲ್ಲ, ಒಬ್ಬಳೇ ನುಡಿಸುತ್ತೇನೆ, ಮೊದಲ ಸಾಲಿನಲ್ಲಿ ಅಪ್ಪ ಅಮ್ಮನ ಕಡೆ ವಾಲಿ, ಏ, ಮುಗೀತೇನೇ, ಊಟಕ್ಕೆ ಏಳೋದಾ, ಅಮ್ಮ ಅಪ್ಪನ ಕಡೆ ತಿರುಗುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಏ, ನಿನ್ನನ್ನೇ ಕೇಳಿದ್ದು, ಕುರ್ಚಿಯ ಕೆಳಗೆ ಅಮ್ಮನ ಕಾಲು, ಚಪ್ಪಲಿ ಬೆರಳ ತುದಿಗೆ ಜೋತುಬಿದ್ದಿದೆ, ತಂತಿ ಇನ್ನೂ ನಡುಗುತ್ತಿದೆ, ಹಿಮ್ಮಡಿ ನೆಲ ಬಿಟ್ಟಿದೆ, ಮೇಲೆದ್ದಿದೆ, ಇಳಿಯುತ್ತಿಲ್ಲ, ಹಿಮ್ಮಡಿ